ಮುತ್ತಜ್ಜನ ಪದಕ ಸಿಕ್ಕಿವೆ, ತೊಳೆಯಬಹುದಾ?

ತೀರ್ಥಹಳ್ಳಿಯಿಂದ: ಅಟ್ಟದ ಟ್ರಂಕಿನಲ್ಲಿ ಮುತ್ತಜ್ಜನ ಎರಡು ಪದಕ, ಕಟ್ಟು ಹಾಕಿದ ಒಂದು ಫೋಟೊ ಸಿಕ್ಕಿವೆ. ಮೊದಲ ಮಹಾಯುದ್ಧದಲ್ಲಿ ಕುದುರೆ ಪಡೆಯಾದ ಮೈಸೂರು ಲ್ಯಾನ್ಸರ್ಸ್‌ನಲ್ಲಿದ್ದರು ಅಂತ ಅಜ್ಜಿ ಹೇಳುತ್ತಿದ್ದರು. ಪದಕ ಕಪ್ಪಾಗಿವೆ. ತೊಳೆಯಬಹುದಾ? ಅವರ ಬಗ್ಗೆ ತಿಳಿಯುವುದು ಹೇಗೆ? ಅನುಭವ ಇದ್ದವರು ಹೇಳಿ.

ಸೊರಬದಿಂದ: ಅಕ್ಕಾ, ಹುಣಸೆಹಣ್ಣು, ವಿಭೂತಿ ಎರಡನ್ನೂ ದೂರ ಇಡಿ. ನಮ್ಮ ದೊಡ್ಡಮ್ಮ ಹಬ್ಬ ಬಂದಾಗಲೆಲ್ಲ ದೇವರ ಪಾತ್ರೆ ಜೊತೆ ಪದಕವನ್ನೂ ತಿಕ್ಕಿ ತಿಕ್ಕಿ ಅಂಚಿನ ಅಕ್ಷರ ಸವೆದೇ ಹೋಗಿದೆ. ಸೈನಿಕನ ನಂಬರು, ದರ್ಜೆ, ಹೆಸರು, ಪಡೆ ಎಲ್ಲ ಇರುವುದು ಆ ಅಂಚಿನಲ್ಲೇ. ಬೆಳಕಿಗೆ ಓರೆಯಾಗಿ ಹಿಡಿದು ಭೂತಗನ್ನಡಿಯಲ್ಲಿ ನೋಡಿ. ಹೆಸರು ಇಂಗ್ಲಿಷಿನಲ್ಲಿ ಏನೇನೋ ಆಗಿರುತ್ತದೆ, ಜೋರಾಗಿ ಓದಿದರೆ ಗೊತ್ತಾಗುತ್ತದೆ. ಕುದುರೆ ಸವಾರನ ಚಿತ್ರ, 1914, 1918 ಇದ್ದರೆ ಅದು ಬ್ರಿಟಿಷ್ ವಾರ್ ಮೆಡಲ್. ರೆಕ್ಕೆಯ ದೇವತೆ ಇದ್ದರೆ ವಿಕ್ಟರಿ ಮೆಡಲ್. ಅದರ ಹಿಂದೆ 1914-1919 ಅಂತಿರುತ್ತದೆ. ಯುದ್ಧ 18ಕ್ಕೇ ನಿಂತಿತಲ್ಲ, ನಕಲಿಯಾ ಅಂತ ಗಾಬರಿ ಬೇಡ. ಶಾಂತಿ ಒಪ್ಪಂದ ಆಗಿದ್ದು 1919ರಲ್ಲಿ.

ಸಾಗರದಿಂದ: ಫೋಟೊ ಗಾಜಿಗೆ ಅಂಟಿದ್ದರೆ ಎಳೆಯಬೇಡಿ ಮಾರಾಯ್ರೆ. ನಮ್ಮ ಮಳೆಗಾಲದಲ್ಲಿ ಅದು ಇದ್ದದ್ದೇ. ಗಾಜಿನ ಮೇಲಿಂದಲೇ ಒಂದು ಫೋಟೊ ತೆಗೆದಿಟ್ಟುಕೊಳ್ಳಿ. ಲ್ಯಾಮಿನೇಷನ್ ಮಾತ್ರ ಬೇಡವೇ ಬೇಡ. ಪದಕವನ್ನು ಪೇಪರಿನಲ್ಲಿ ಸುತ್ತುವ ಬದಲು ಒಗೆದ ಹತ್ತಿಬಟ್ಟೆಯಲ್ಲಿ ಸುತ್ತಿ. ಬಿಗಿ ಮುಚ್ಚಳದ ಡಬ್ಬಿ, ಒಳಗೆ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ. ಅಷ್ಟು ಸಾಕು.

ಹೊಸನಗರದವ, ಈಗ ಬೆಂಗಳೂರು: ಲ್ಯಾನ್ಸರ್ಸ್ ಅಂದರೆ ಮೈಸೂರು ಮಹಾರಾಜರ ಪಡೆ. ಹಾಗಾಗಿ ಬ್ರಿಟಿಷರ ದಾಖಲೆಯಲ್ಲಷ್ಟೇ ಹುಡುಕುತ್ತಾ ಕೂರಬೇಡಿ. ಮೈಸೂರು ಸರ್ಕಾರದ ಹಳೇ ಕಡತಗಳು ರಾಜ್ಯ ಪತ್ರಾಗಾರದಲ್ಲಿವೆ. ನಂಬರು, ಹೆಸರು ಬರೆದುಕೊಂಡೇ ಹೋಗಿ, ಸುಮ್ನೆ ಹೋದರೆ ಅಲೆದಾಟ ಜಾಸ್ತಿ. ಲ್ಯಾನ್ಸರ್ಸ್ ಅಂದ ಕೂಡಲೇ ಎಲ್ಲರೂ 'ಹೈಫಾದಲ್ಲಿ ಹೋರಾಡಿದರು' ಅಂತ ಸೇರಿಸಿಬಿಡುತ್ತಾರೆ. ಹೈಫಾ ಅಂದರೆ ಈಗಿನ ಇಸ್ರೇಲಿನ ಊರು, ಅದನ್ನು ಗೆದ್ದಿದ್ದು 1918ರ ಸೆಪ್ಟೆಂಬರ್ 23ಕ್ಕೆ. ಪಡೆ ಈಜಿಪ್ಟಿಗೆ ಹೋಗಿದ್ದು 1914ರಲ್ಲೇ, ಸೂಯೆಜ್ ಕಾಲುವೆ ಕಾಯಲು. ನಡುವೆ ಊರಿಗೆ ಮರಳಿದವರೂ ಇರಬಹುದು, ಆಮೇಲೆ ಸೇರಿದವರೂ ಇರಬಹುದು. ಇನ್ನೊಂದು ವಿಷಯ. ಶುರುವಿನಲ್ಲೇ ಹೋದವರಿಗೆ ಮೂರನೆಯದಾಗಿ 1914-15 ಸ್ಟಾರ್ ಅನ್ನುವ ಪದಕ ಕೂಡ ಸಿಗುತ್ತಿತ್ತು. ನಿಮ್ಮಲ್ಲಿರುವುದು ಎರಡೇ ಅಲ್ವಾ? ಒಂದೋ ಮುತ್ತಜ್ಜ ತಡವಾಗಿ ಹೋಗಿದ್ದಾರೆ, ಇಲ್ಲಾ ಹಿಸ್ಸೆಯಾದಾಗ ಅದು ಬೇರೆ ಮನೆ ಸೇರಿದೆ. ದಾಯಾದಿಗಳನ್ನು ಕೇಳಿ ನೋಡಿ. ಸ್ಟಾರ್‌ನಲ್ಲಿ ಹೆಸರು ಅಂಚಿನಲ್ಲಿರುವುದಿಲ್ಲ, ಬೆನ್ನ ಮೇಲಿರುತ್ತದೆ.