ರಮ್ಯಾ, ಬೆಳಗಿನವರೆಗೆ ಕಾಯಬೇಡ

ರಮ್ಯಾ, ನಾನು ದೊಡ್ಡಮ್ಮ ಮಾತನಾಡುತ್ತಿದ್ದೇನೆ. ನಮ್ಮ ಮನೆಯವರ ಗುಂಪಿನಲ್ಲಿ ನೀನು ಬರೆದದ್ದನ್ನು ಈಗಷ್ಟೇ ಓದಿದೆ. ಅಳಿಯಂದಿರ ಬೈಕಿಗೆ ಟ್ರ್ಯಾಕ್ಟರ್ ಗುದ್ದಿ ಮೊಣಕಾಲಿನ ಕೆಳಗೆ ಎರಡೂ ಮೂಳೆ ಮುರಿದಿವೆ, ಸಂಜೆ ಪ್ಲಾಸ್ಟರ್ ಹಾಕಿದ್ದಾರೆ, ಇಂಜೆಕ್ಷನ್ ಕೊಟ್ಟರೂ ನೋವು ಏರುತ್ತಲೇ ಇದೆ, ಮೂಳೆ ಮುರಿದರೆ ನೋಯದೆ ಇರುತ್ತದೆಯೇ ಎಂದು ಎಲ್ಲರೂ ಅನ್ನುತ್ತಿದ್ದಾರೆ, ಬೆಳಗಿನವರೆಗೆ ಕಾಯಲೇ ಎಂದು ಕೇಳಿದ್ದೀಯ. ಕಾಯಬೇಡ ಮಗಳೇ. ಮೂಳೆಯನ್ನು ಅಲುಗಾಡದಂತೆ ಕಟ್ಟಿದ ಮೇಲೆ ನೋವು ಇಳಿಯಬೇಕು. ಏರುತ್ತಿದ್ದರೆ ಒಳಗೆ ಏನೋ ಕೆಡುತ್ತಿದೆ ಎಂದೇ ತಿಳಿದುಕೋ.

ನನ್ನ ಒಡಹುಟ್ಟಿದ ಸುಬ್ಬುವಿನ ಬಲಗೈಯನ್ನು ನೀವೆಲ್ಲ ನೋಡಿದ್ದೀರಿ. ಪಂಕ್ತಿಯಲ್ಲಿ ಅವನು ಎಡಗೈಯಲ್ಲಿ ಉಣ್ಣುವುದನ್ನು ಕಂಡು ಹೊಸಬರು ಮುಖ ಸಿಂಡರಿಸುತ್ತಾರೆ. ಅದು ಹುಟ್ಟಿನಿಂದ ಬಂದದ್ದಲ್ಲ. ಚಿಕ್ಕವನಿದ್ದಾಗ ಹಲಸಿನ ಮರದಿಂದ ಬಿದ್ದು ಮೊಣಕೈ ಮೇಲ್ಗಡೆ ಮೂಳೆ ಮುರಿಯಿತು. ಮೂಳೆ ಕಟ್ಟುವವರು ಬಂದು ಸೊಪ್ಪು ಅರೆದು ಹಚ್ಚಿ, ಬಿದಿರಿನ ದಬ್ಬೆಯಿಟ್ಟು ಬಟ್ಟೆ ಬಿಗಿದರು. ಬಿಗಿಯಿದ್ದಷ್ಟೂ ಬೇಗ ಕೂಡುತ್ತದೆ ಎಂದರು. ಆ ರಾತ್ರಿ ಅವನು ಅತ್ತ ಅಳು! ಮುರಿದದ್ದು ಮೊಣಕೈ ಹತ್ತಿರ, ಅವನು ತೋರಿಸುತ್ತಿದ್ದದ್ದು ಮುಂಗೈ. ಅಮ್ಮ ಬೆರಳುಗಳನ್ನು ನೆಟ್ಟಗೆ ಮಾಡಿ ನೀವಲು ಹೋದರೆ ಕಿರುಚುತ್ತಿದ್ದ. ಗಂಡುಹುಡುಗ ಹೀಗೆ ಅಳಬಾರದು ಎಂದು ಗದರಿದರು. ಮರುದಿನ ಮಧ್ಯಾಹ್ನ ಅಳು ನಿಂತಿತು. ನೋವು ಕಡಿಮೆಯಾಯಿತೆಂದು ಅಜ್ಜಿ ತುಪ್ಪದ ದೀಪ ಹಚ್ಚಿದಳು. ಕಡಿಮೆಯಾಗಿರಲಿಲ್ಲ. ಬೆರಳಿಗೆ ಸೂಜಿ ಚುಚ್ಚಿದರೂ ತಿಳಿಯದ ಹಾಗೆ ನರವೇ ಮರಗಟ್ಟಿತ್ತು. ಕಟ್ಟು ಬಿಚ್ಚುವ ಹೊತ್ತಿಗೆ ಕೈ ಸತ್ತುಹೋಗಿತ್ತು, ತಿಂಗಳುಗಳು ಕಳೆದಂತೆ ಬೆರಳುಗಳು ಒಳಕ್ಕೆ ಮುದುಡಿಕೊಂಡವು.

ನರ್ಸಿಂಗ್ ಓದುವಾಗ ನನಗೆ ಅದರ ಹೆಸರು ಸಿಕ್ಕಿತು, ಕಂಪಾರ್ಟ್‌ಮೆಂಟ್ ಸಿಂಡ್ರೋಮ್. ಸ್ನಾಯುಗಳ ಸುತ್ತ ಹಿಗ್ಗದ ಗಟ್ಟಿ ಹೊದಿಕೆ ಇರುತ್ತದೆ, ಬಾಯಿ ಹೊಲಿದ ಗೋಣಿಚೀಲದ ಹಾಗೆ. ಮೊಣಕಾಲಿನ ಕೆಳಗೆ ಅಂಥವು ನಾಲ್ಕು. ಒಳಗೆ ರಕ್ತ ಸೋರಿ ಬಾವು ಬಂದರೆ ಒತ್ತಡ ಏರಿ, ಸಣ್ಣ ರಕ್ತನಾಳಗಳು ಮುಚ್ಚಿ, ಸ್ನಾಯು ಉಸಿರುಗಟ್ಟುತ್ತದೆ. ಬಿಗಿಯಾದ ಕಟ್ಟಿನಿಂದ ಕೈ ಹೀಗೆ ಮುದುಡುತ್ತದೆ ಎಂದು ಜರ್ಮನಿಯ ಶಸ್ತ್ರವೈದ್ಯ ಫೋಲ್ಕ್‌ಮನ್ 1881ರಲ್ಲೇ ಬರೆದಿದ್ದ. ಆ ಮಾತು ನಮ್ಮ ಜಗಲಿಗೆ ತಲುಪಲಿಲ್ಲ.

ಇನ್ನೊಮ್ಮೆ ಹೇಳುತ್ತೇನೆ, ಏರುವ ನೋವಿಗೆ ಕಾಯಬೇಡ. ಅವರು ಇದ್ದಕ್ಕಿದ್ದಂತೆ ಸುಮ್ಮನಾದರೆ, ಕಾಲು ಜೋಮು ಹಿಡಿದಿದೆ ಎಂದರೆ, ಇನ್ನೂ ಹೆಚ್ಚು ಹೆದರು.

ಸುಬ್ಬುವಿಗೆ ಆದ ಅನ್ಯಾಯ ಕೈಯಷ್ಟೇ ಅಲ್ಲ. ಮನೆ ಭಾಗವಾಗುವಾಗ, ಕೊನೆ ಕೊಯ್ಯಲಾಗದವನಿಗೆ ಅಡಿಕೆ ತೋಟ ಏಕೆ ಎಂದು ಅವನಿಗೆ ಗುಡ್ಡದ ಬದಿಯ ಕಲ್ಲುಭೂಮಿ ಕೊಟ್ಟರು. ಅವನು ರುಜು ಹಾಕಿದ್ದೂ ಎಡಗೈಯಲ್ಲೇ. ನಾನು ಬಾಯಿ ಬಿಟ್ಟರೆ, ಕೊಟ್ಟ ಮನೆಯ ಹೆಣ್ಣಿಗೆ ಇಲ್ಲೇನು ಮಾತು ಎಂದರು. ಅಂದು ಹಾಗೆಂದವರು ಈಗಲೂ ಈ ಗುಂಪಿನಲ್ಲಿದ್ದಾರೆ, ಕೇಳಿಸಿಕೊಳ್ಳಲಿ. ಅವನು ಅಳುಬುರುಕನಾಗಿರಲಿಲ್ಲ, ಅವನ ಕೈ ಸಾಯುತ್ತಿತ್ತು. ಅಳಿಯಂದಿರಿಗೆ ತಾಳ್ಮೆಯಿಲ್ಲ ಎಂದು ನಿನಗೂ ಯಾರೋ ಹೇಳಿದರಂತೆ. ಅದನ್ನು ಓದಿ ನನಗೆ ಮೈಯುರಿದುಹೋಯಿತು.

ಅಯ್ಯೋ, ಮಾಡಬೇಕಾದದ್ದನ್ನೇ ಹೇಳಲಿಲ್ಲ. ಈಗಲೇ ಡ್ಯೂಟಿ ಡಾಕ್ಟರನ್ನು ಕರೆಸು. ಕಂಪಾರ್ಟ್‌ಮೆಂಟ್ ಸಿಂಡ್ರೋಮ್ ಇದೆಯೇ ನೋಡಿ ಎಂದು ಹೆಸರು ಹಿಡಿದೇ ಕೇಳು. ಕಾಲ್ಬೆರಳುಗಳನ್ನು ಅವರು ಮೆಲ್ಲಗೆ ಮೇಲಕ್ಕೂ ಕೆಳಕ್ಕೂ ಬಾಗಿಸಿದಾಗ ಮೀನಖಂಡವೋ ಕಾಲಿನ ಮುಂಭಾಗವೋ ಸೀಳಿದಂತೆ ನೋಯುತ್ತದೆಯೇ, ಹೆಬ್ಬೆರಳು ಮತ್ತು ಅದರ ಪಕ್ಕದ ಬೆರಳಿನ ನಡುವೆ ಮುಟ್ಟಿದರೆ ತಿಳಿಯುತ್ತದೆಯೇ ಎಂದು ನೋಡಬೇಕು. ನಾಡಿ ಸಿಗುತ್ತಿದೆ, ಬೆರಳು ಬೆಚ್ಚಗಿದೆ ಎಂದರೆ ಸಮಾಧಾನಪಡಬೇಡ, ನಾಡಿ ನಿಲ್ಲುವುದು ಕಟ್ಟಕಡೆಗೆ. ಪ್ಲಾಸ್ಟರನ್ನೂ ಒಳಗಿನ ಹತ್ತಿಯನ್ನೂ ಚರ್ಮ ಕಾಣುವವರೆಗೆ ಉದ್ದಕ್ಕೆ ಸೀಳಿಸು. ಕಾಲಿನ ಕೆಳಗೆ ದಿಂಬು ಪೇರಿಸಿದ್ದರೆ ತೆಗೆ, ಕಾಲು ಎದೆಯ ಮಟ್ಟದಲ್ಲಿರಲಿ, ಅದಕ್ಕಿಂತ ಎತ್ತರಕ್ಕೆ ಹೋದರೆ ರಕ್ತ ಇನ್ನೂ ಕಡಿಮೆ ಹರಿಯುತ್ತದೆ. ವೈದ್ಯರು ನೋಡುವವರೆಗೆ ಊಟ, ನೀರು ಏನೂ ಬೇಡ, ಆಪರೇಷನ್ ಬೇಕಾಗಬಹುದು.

ಒಳಗಿನ ಒತ್ತಡವನ್ನು ಸೂಜಿ ಹಾಕಿ ಅಳೆಯುತ್ತಾರೆ. ಬಿಪಿಯ ಕೆಳಗಿನ ಅಂಕಿಯಲ್ಲಿ ಅದನ್ನು ಕಳೆದಾಗ 30ಕ್ಕಿಂತ ಕಡಿಮೆ ಉಳಿದರೆ ಹೊದಿಕೆಯನ್ನು ಸೀಳಿ ಬಿಡಿಸಬೇಕಾಗುತ್ತದೆ. ಬಿಪಿ 70, ಒತ್ತಡ 45 ಇದ್ದರೆ ಉಳಿಯುವುದು 25, ಅದು ಅಪಾಯ. ಅಳೆಯುವ ಸಾಧನ ಇಲ್ಲದಿದ್ದರೂ ಲಕ್ಷಣ ನೋಡಿಯೇ ತೀರ್ಮಾನಿಸಬಹುದು. ಒತ್ತಡ ಹೀಗೆ ಏರಿ ಆರು ತಾಸು ಕಳೆದರೆ ಸ್ನಾಯು ಉಳಿಯುವುದು ಕಷ್ಟ. ಸೀಳಿದ ಗಾಯವನ್ನು ಕೆಲವು ದಿನ ತೆರೆದೇ ಬಿಡುತ್ತಾರೆ, ಅದನ್ನು ಕಂಡು ಹೆದರಬೇಡ. ಅಲ್ಲಿ ಆಗುವುದಿಲ್ಲ ಎಂದರೆ ಈ ರಾತ್ರಿಯೇ ದೊಡ್ಡ ಆಸ್ಪತ್ರೆಗೆ ಕಳುಹಿಸಲು ಚೀಟಿ ಬರೆಸಿಕೋ. ಗೋಪಿಗೆ ಹೇಳಿದ್ದೇನೆ, ಹಣ ತೆಗೆದುಕೊಂಡು ಹೊರಟಿದ್ದಾನೆ. ಡಾಕ್ಟರ್ ಬಂದು ನೋಡಿದ ಕೂಡಲೇ ಏನೆಂದರು ಎಂದು ಇಲ್ಲಿ ಹಾಕು, ನಾನು ಎಚ್ಚರವಾಗಿಯೇ ಇರುತ್ತೇನೆ.