ಸಹಾಯ ಬೇಕು: ಪಂಪ್ಡ್ ಸ್ಟೋರೇಜ್ ಚಿತ್ರ ಯಾರಿಗೂ ಅರ್ಥ ಆಗುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ಮೂಡಿಗೆರೆ ಹತ್ತಿರ ನಮ್ಮೂರಿನ ಗ್ರಂಥಾಲಯದ ಗೋಡೆಗೆ ಪಂಪ್ಡ್ ಸ್ಟೋರೇಜ್ ವಿದ್ಯುತ್ ಘಟಕದ ಚಿತ್ರ ಬರೆಯುತ್ತಿದ್ದೇನೆ. ವಿಷಯ ಇಷ್ಟೇ: ಮಧ್ಯಾಹ್ನ ಸೋಲಾರ್ ಕರೆಂಟು ಜಾಸ್ತಿ ಇದ್ದಾಗ ಕೆಳಗಿನ ಜಲಾಶಯದ ನೀರನ್ನು ಮೇಲಿನದಕ್ಕೆ ಎತ್ತುವುದು, ಸಂಜೆ ಅದೇ ನೀರು ಬಿಟ್ಟು ಕರೆಂಟು ತೆಗೆಯುವುದು. ಹೆಚ್ಚಿನ ಕಡೆ ನೀರೆತ್ತುವ ಪಂಪೂ ಅದೇ, ಇಳಿಯುವ ನೀರಿಗೆ ತಿರುಗಿ ಕರೆಂಟು ತೆಗೆಯುವ ಟರ್ಬೈನೂ ಅದೇ. ತಿರುಗುವ ದಿಕ್ಕು ಮಾತ್ರ ಉಲ್ಟಾ.

ಗುಡ್ಡವನ್ನು ಹಲಸಿನಹಣ್ಣು ಸೀಳಿದ ಹಾಗೆ ಸೀಳಿ ಒಳಗಿನ ಪೈಪು, ಯಂತ್ರ ಎಲ್ಲಾ ತೋರಿಸಿದೆ. ಏರುವ ನೀರಿಗೆ ಕೆಂಪು ಬಾಣ, ಇಳಿಯುವುದಕ್ಕೆ ನೀಲಿ. ನೋಡಿದವರು "ಕೆಂಪು ಅಂದ್ರೆ ಬಿಸಿನೀರಾ?" ಅಂದರು! ಆಮೇಲೆ ಎರಡು ಚಿತ್ರ ಅಕ್ಕಪಕ್ಕ ಬರೆದೆ. ಎರಡು ಬೇರೆ ಯಂತ್ರ ಅಂದುಕೊಂಡರು.

ಪಕ್ಕದ ಮನೆ ಅಜ್ಜನ ಪ್ರಶ್ನೆ ಇನ್ನೂ ಕಷ್ಟದ್ದು. "ಎತ್ತೋಕೂ ಕರೆಂಟು ಬೇಕಲ್ಲ ಮಾರಾಯ, ಲಾಭ ಏನು?" ನಿಜ, 100 ಯೂನಿಟ್ ಖರ್ಚು ಮಾಡಿದರೆ ವಾಪಸ್ ಬರುವುದು ಸುಮಾರು 75ರಿಂದ 80. ಲಾಭ ಇರುವುದು ಯೂನಿಟ್ಟಿನಲ್ಲಲ್ಲ, ಹೊತ್ತಿನಲ್ಲಿ: ಮಧ್ಯಾಹ್ನ ಹೆಚ್ಚಾದ ಕರೆಂಟು ಸಂಜೆ ಬೇಕಾದಾಗ ಸಿಗುತ್ತೆ. ಬಾಯಲ್ಲಿ ಹೇಳಿದರೆ ತಲೆ ಆಡಿಸುತ್ತಾರೆ, ಚಿತ್ರದಲ್ಲಿ ಕಾಣಿಸುತ್ತಿಲ್ಲ.

ಚಿತ್ರ ಬರೆಯುವವರು, ಮೇಷ್ಟ್ರುಗಳು ಯಾರಾದರೂ ಹೇಳಿ: ಒಂದೇ ಯಂತ್ರ ಎರಡೂ ಕೆಲಸ ಮಾಡುತ್ತೆ ಅನ್ನುವುದನ್ನು, ಹೊತ್ತಿನ ಲಾಭವನ್ನು ಒಂದೇ ಚಿತ್ರದಲ್ಲಿ ತೋರಿಸಲು ಆಗುತ್ತಾ? ಅಥವಾ ಎರಡನೆಯದಕ್ಕೆ ಬೇರೆ ಚಿತ್ರವೇ ಬೇಕಾ?