ತ್ಯಾಜ್ಯದ ಗುಂಡಿಯ ಪಕ್ಕದ ಜಮೀನು: ಮಾಲಿನ್ಯ ಎಲ್ಲಿಯವರೆಗೆ ಹಬ್ಬಿದೆಯೆಂದು ಸರ್ವೆಯಿಂದ ತಿಳಿಯಬಹುದೇ?

ಪ್ರಶ್ನೆ (ಮಾಲೂರಿನ ರೈತ):
ನಮ್ಮ ಬೇಲಿಯಾಚೆ ಕಾರ್ಖಾನೆಯೊಂದು ವರ್ಷಗಟ್ಟಲೆ ತ್ಯಾಜ್ಯ ಸುರಿದ ಗುಂಡಿಯಿದೆ. ಈಗ ಮಣ್ಣು ಮುಚ್ಚಿದ್ದಾರೆ. ಎರಡು ಬೇಸಿಗೆಗಳಿಂದ ನಮ್ಮ ಕೊಳವೆಬಾವಿಯ ನೀರು ಉಪ್ಪಾಗಿದ್ದು, ಡ್ರಿಪ್ ಪೈಪಿನ ತೂತುಗಳ ಸುತ್ತ ಬಿಳಿಯ ಪೊರೆ ಕಟ್ಟುತ್ತಿದೆ. ಬೋರ್‌ವೆಲ್ ಪಾಯಿಂಟ್ ಗುರುತಿಸಲು ಬಂದವರು ನೆಲಕ್ಕೆ ನಾಲ್ಕು ಕಂಬಿ ಹೊಡೆದು ಅಳೆದದ್ದನ್ನು ನೋಡಿದ್ದೇನೆ. ಅದೇ ಉಪಕರಣದಿಂದ ಈ ಕೊಳೆಯ ಹರವನ್ನೂ ಗುರುತಿಸಬಹುದೇ?

ಉತ್ತರ 1 (ತುಮಕೂರು, ಭೂಭೌತ ಸರ್ವೆ ಕೆಲಸ):
ತತ್ವ ಅದೇ: ನೆಲಕ್ಕೆ ವಿದ್ಯುತ್ತು ಹರಿಸಿ, ನೆಲ ಅದಕ್ಕೆ ಒಡ್ಡುವ ತಡೆಯನ್ನು, ಅಂದರೆ ರೋಧಕತೆಯನ್ನು, ಅಳೆಯುವುದು. ಆದರೆ ನಾಲ್ಕು ಕಂಬಿಯ ಅಳತೆ ಒಂದೇ ಜಾಗದ ಆಳವನ್ನು ಹೇಳುತ್ತದೆ. ಹರವು ಬೇಕಿದ್ದರೆ ಸಾಲಾಗಿ 48 ಕಂಬಿಗಳನ್ನು 5 ಮೀಟರ್ ಅಂತರದಲ್ಲಿ ನೆಟ್ಟು ಅಳೆಯಬೇಕು. 235 ಮೀಟರ್ ಉದ್ದದ ಅಂಥ ಸಾಲು ಸುಮಾರು 40 ಮೀಟರ್ ಆಳದವರೆಗಿನ ಸೀಳುನೋಟವನ್ನು ಕೊಡುತ್ತದೆ. ಗಟ್ಟಿ ಗ್ರಾನೈಟ್ ಸಾವಿರ ಓಮ್-ಮೀಟರಿಗೂ ಹೆಚ್ಚು ರೋಧಕತೆ ತೋರಿದರೆ, ಲವಣ ಕರಗಿದ ಕೊಳೆನೀರು ತುಂಬಿದ ಶಿಥಿಲ ಪದರ (ಬಂಡೆಯ ಮೇಲಿನ, ಸವೆದು ಸಡಿಲವಾದ ಭಾಗ) ಹತ್ತಕ್ಕೂ ಕೆಳಗಿಳಿಯಬಹುದು. ತೊಡಕೇನೆಂದರೆ, ಜೇಡಿಮಣ್ಣೂ ಹಾಗೆಯೇ ಕಾಣುತ್ತದೆ, ಮತ್ತು ಮಾಲೂರು ಹೆಂಚಿನ ಊರು! ಆದ್ದರಿಂದ ಗುಂಡಿಗಿಂತ ಎತ್ತರದ, ಕೊಳೆ ತಲುಪಿರಲಾರದ ನೆಲದಲ್ಲಿ ಮೊದಲು ಒಂದು ಸಾಲು ಅಳೆಸಿ. ಅಲ್ಲಿಯೂ ಅಷ್ಟೇ ಕಡಿಮೆ ಬಂದರೆ ಗುಂಡಿಯನ್ನು ದೂರುವ ಮುನ್ನ ಮಣ್ಣನ್ನು ಅನುಮಾನಿಸಬೇಕು.

ಉತ್ತರ 2 (ಚಿಕ್ಕಬಳ್ಳಾಪುರ, ರಸಾಯನಶಾಸ್ತ್ರ ಅಧ್ಯಾಪಕ):
ಮೇಲಿನವರ ಮಾತಿಗೆ ಒಂದು ಸೇರ್ಪಡೆ. ಈ ಯಂತ್ರ ವಿಷವನ್ನು ಕಾಣುವುದಿಲ್ಲ, ಕರಗಿದ ಲವಣವನ್ನು ಕಾಣುತ್ತದೆ. ಅಪಾಯಕಾರಿ ಮಟ್ಟದ ಕ್ರೋಮಿಯಂ ಕೂಡ ಲೀಟರಿಗೆ ಮಿಲಿಗ್ರಾಂ ಲೆಕ್ಕದಲ್ಲಿದ್ದರೆ ರೋಧಕತೆ ಕದಲುವುದೇ ಇಲ್ಲ. ಬಣ್ಣ ತೆಗೆಯುವ ದ್ರಾವಕಗಳದ್ದೂ ಬಹುಮಟ್ಟಿಗೆ ಅದೇ ಕಥೆ. ಹೀಗಾಗಿ ಸರ್ವೆ ತೋರಿದ ಜಾಗದಲ್ಲಿ ಕೊರೆದು ನೀರಿನ ಮಾದರಿ ತೆಗೆಯದೆ ಯಾವ ತೀರ್ಮಾನಕ್ಕೂ ಬರಬೇಡಿ. ಗುಂಡಿಯಲ್ಲಿ ಕಬ್ಬಿಣದ ಡ್ರಮ್ಮುಗಳನ್ನು ಹೂತಿದ್ದಾರೆಂಬ ಗುಮಾನಿಯಿದ್ದರೆ ಕಾಂತೀಯ ಸರ್ವೆಯೂ ಉಪಯುಕ್ತ. ಪ್ಲಾಸ್ಟಿಕ್ ಡ್ರಮ್ಮು ಅದಕ್ಕೆ ಸಿಗದು.

ಪ್ರಶ್ನೆ ಕೇಳಿದವರು:
ನಮ್ಮ ಕೊಳವೆಬಾವಿ 900 ಅಡಿ. ಸರ್ವೆ 40 ಮೀಟರಿಗೆ ನಿಂತರೆ ಪ್ರಯೋಜನವೇನು ಸರ್? ಗುಂಡಿಯ ಸುತ್ತ ತಂತಿಬೇಲಿಯೂ ಇದೆ.

ಉತ್ತರ 1:
ಕೊಳೆ ಮೊದಲು ಸೇರುವುದು ಮೇಲಿನ ಶಿಥಿಲ ಪದರವನ್ನೇ. ಕೇಸಿಂಗ್ ಪೈಪು ಬಂಡೆಗೆ ಸರಿಯಾಗಿ ಕೂರದಿದ್ದರೆ ಆ ನೀರು ಅದರ ಹೊರಮೈಗುಂಟ ಇಳಿದು ನಿಮ್ಮ ಬಾವಿಗೇ ಬೀಳುತ್ತದೆ. ನಾನಾಗಿದ್ದರೆ ಕೇಸಿಂಗನ್ನೇ ಮೊದಲು ಪರೀಕ್ಷಿಸುತ್ತಿದ್ದೆ. ಲೋಹದ ಕಂಬದ ಬೇಲಿಗೆ ಸಮಾನಾಂತರವಾಗಿ ಸಾಲು ಹಾಕಿದರೆ ವಿದ್ಯುತ್ತು ಅದರಲ್ಲೇ ಹರಿದು ಅಳತೆ ಕೆಡುತ್ತದೆ, ಆದ್ದರಿಂದ ಸಾಲು ಬೇಲಿಗೆ ಅಡ್ಡಲಾಗಿರಲಿ. ಒಣ ನೆಲದಲ್ಲಿ ಪ್ರತಿ ಕಂಬಿಯ ಬುಡಕ್ಕೂ ಒಂದೊಂದು ಚೊಂಬು ನೀರು ಹಾಕಿಸಿ.